ಬಿಲ್ಲಿನ ನಂಬರು, ಫ್ರೇಮಿನ ನಂಬರು: ನೋಂದಣಿಯಾಗಿದ್ದ ಸೈಕಲ್ ಕಳುವಾದ ಪ್ರಕರಣ

ಈ ಸೈಕಲ್ ಕಳುವಾಗುವ ಎರಡು ವರ್ಷ ಮೊದಲೇ ನೋಂದಣಿಯಾಗಿತ್ತು. ಬಿಲ್ ಇತ್ತು, ಫೋಟೊ ಇತ್ತು, ಸೈಕಲ್ಲುಗಳನ್ನು ನಂಬರಿನ ಸಮೇತ ದಾಖಲಿಸಿಡುವ ನೋಂದಣಿ ಜಾಲತಾಣದಲ್ಲಿ ಮಾಲೀಕರ ಹೆಸರಿನ ಖಾತೆಯೂ ಇತ್ತು. ಆದರೆ ಅಲ್ಲಿ ದಾಖಲಾಗಿದ್ದ ನಂಬರು ಆ ಸೈಕಲ್ಲಿನದೇ ಅಲ್ಲ ಎಂಬುದು ಕಳುವಾದ ಎರಡನೇ ದಿನ ತಿಳಿಯಿತು. ಸೈಕಲ್ ವಾಪಸ್ ಸಿಕ್ಕಿದ್ದು 41ನೇ ದಿನ. ನಡುವೆ ತೆಗೆದುಕೊಂಡ ನಿರ್ಧಾರಗಳಲ್ಲಿ ಎರಡು ಮೂರು ಮಾತ್ರ ನಿಜವಾಗಿ ಫಲ ಕೊಟ್ಟವು. ಹೆಚ್ಚು ಜಾಗ ಅವಕ್ಕೇ ಕೊಟ್ಟಿದೆ. ವ್ಯಕ್ತಿಗಳು, ಊರು, ಅಂಗಡಿ, ಸೈಕಲ್ಲಿನ ಮಾದರಿ ಯಾವುದರ ಗುರುತನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ.

ಹಿನ್ನೆಲೆ

ಸೈಕಲ್ಲು ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್: 700×40 ಟೈರು, ಡಿಸ್ಕ್ ಬ್ರೇಕು, 16 ಗೇರು. ಮಾಲೀಕರು ವಾರದಲ್ಲಿ ಐದು ದಿನ ಅದರಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದರು. ಹೊಸದಾಗಿ ಕೊಂಡ ದಿನವೇ ಸಂಜೆ ಹತ್ತು ನಿಮಿಷದಲ್ಲಿ ನೋಂದಣಿ ಮುಗಿಸಿದ್ದರು. ಅರ್ಜಿಯಲ್ಲಿ ‘ಸೀರಿಯಲ್ ನಂಬರ್’ ಎಂಬ ಖಾನೆ ಬಂದಾಗ ಅಂಗಡಿಯ ಬಿಲ್ ತೆಗೆದು, ಅದರಲ್ಲಿದ್ದ 13 ಅಂಕಿಗಳ ಸಂಖ್ಯೆಯನ್ನು ಟೈಪಿಸಿದರು. ಜೊತೆಗೆ ಒಂದು ಫೋಟೊ, ಬಲಗಡೆಯಿಂದ ತೆಗೆದದ್ದು. ತಾಣದವರು ಅಂಚೆಯಲ್ಲಿ ಕಳಿಸಿದ ‘ಈ ಸೈಕಲ್ ನೋಂದಣಿಯಾಗಿದೆ’ ಎಂಬ ಸ್ಟಿಕರ್ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಸೈಕಲ್ಲನ್ನು ತಲೆಕೆಳಗು ಮಾಡಿ ನೋಡುವ ಕೆಲಸ ಆ ಹತ್ತು ನಿಮಿಷದಲ್ಲಿ ಇರಲಿಲ್ಲ.

ಸಮಸ್ಯೆ

ಒಂದು ಶುಕ್ರವಾರ, ಕಚೇರಿ ಕಟ್ಟಡದ ನೆಲಮಾಳಿಗೆಯ ಸೈಕಲ್ ಸ್ಟ್ಯಾಂಡಿನಿಂದ ಅದು ಹೋಯಿತು. ಬೆಳಗ್ಗೆ 9:40ಕ್ಕೆ ಬೀಗ ಹಾಕಿದ್ದು, ಸಂಜೆ 6:30ಕ್ಕೆ ಬಂದರೆ ತುಂಡಾದ ಕೇಬಲ್ ಲಾಕ್ ಮಾತ್ರ ನೆಲದಲ್ಲಿತ್ತು. ಬೆರಳು ದಪ್ಪದ ಕೇಬಲ್ ಲಾಕ್ ನೋಡಲು ಗಟ್ಟಿ, ಆದರೆ ಪ್ಲಾಸ್ಟಿಕ್ ಹೊದಿಕೆಯ ಒಳಗಿರುವುದು ಹೆಣೆದ ತೆಳು ತಂತಿ. ಕೈಯಲ್ಲಿ ಹಿಡಿಯುವ ಕಟರಿಗೆ ಕೆಲವು ಸೆಕೆಂಡುಗಳ ಕೆಲಸ.

ಮಾಲೀಕರು ತಡಮಾಡಲಿಲ್ಲ. ಇಪ್ಪತ್ತು ನಿಮಿಷದೊಳಗೆ ನೋಂದಣಿ ತಾಣದಲ್ಲಿ ಸೈಕಲ್ಲಿನ ಸ್ಥಿತಿಯನ್ನು ‘ಕಳುವಾಗಿದೆ’ ಎಂದು ಬದಲಿಸಿದರು. ಆ ರಾತ್ರಿಯೇ ಪೊಲೀಸ್ ಠಾಣೆಗೆ ದೂರು ಕೊಟ್ಟರು. ದೂರಿನಲ್ಲೂ ಅದೇ 13 ಅಂಕಿ ಬರೆದರು. ಹೀಗೆ ತಪ್ಪು ನಂಬರು ಒಂದು ದಾಖಲೆಯಿಂದ ಎರಡನೆಯದಕ್ಕೆ ಹರಿಯಿತು.

ಭಾನುವಾರ ನೋಂದಣಿ ತಾಣದ ಸ್ವಯಂಸೇವಕರೊಬ್ಬರಿಂದ ಇಮೇಲ್ ಬಂತು. ಇದೇ ಸಂಖ್ಯೆಯಲ್ಲಿ, ಇದೇ ಮಾದರಿಯ ಬೇರೆ ಎರಡು ಸೈಕಲ್ಲುಗಳು ಬೇರೆ ಬೇರೆಯವರ ಹೆಸರಿನಲ್ಲಿ ನೋಂದಣಿಯಾಗಿವೆ, ದಯವಿಟ್ಟು ಪರೀಕ್ಷಿಸಿ ಎಂಬುದು ಅದರ ಸಾರಾಂಶ. ಒಂದೇ ತಯಾರಕರ ಎರಡು ಫ್ರೇಮುಗಳಿಗೆ ಒಂದೇ ನಂಬರು ಬೀಳುವುದು ಬಹಳ ಅಪರೂಪ. ಮೂರು ಸೈಕಲ್ಲುಗಳಿಗೆ ಬಿದ್ದಿದೆ ಎಂದರೆ ಅದು ಫ್ರೇಮಿನ ನಂಬರೇ ಅಲ್ಲ.

ಆ 13 ಅಂಕಿ ಎಲ್ಲಿಂದ ಬಂತು?

ಹೊಸ ಸೈಕಲ್ ಅಂಗಡಿಗೆ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ, ಅರ್ಧ ಜೋಡಿಸಿದ ಸ್ಥಿತಿಯಲ್ಲಿ. ಪೆಟ್ಟಿಗೆಯ ಹೊರಗೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾರ್‌ಕೋಡ್ ಇರುತ್ತವೆ. ಒಂದು, ಸರಕಿನ ಸಂಕೇತ: ಆ ಮಾದರಿ, ಆ ಬಣ್ಣ, ಆ ಅಳತೆಯ ಎಲ್ಲ ಸೈಕಲ್ಲುಗಳಿಗೂ ಒಂದೇ. ಅಂಗಡಿಯವರ ಲೆಕ್ಕಕ್ಕೆ ಬೇಕಾದದ್ದು ಇದು, ಅವರ ಸ್ಕ್ಯಾನರ್ ಓದುವುದೂ ಇದನ್ನೇ. ಮತ್ತೊಂದು, ಒಳಗಿರುವ ಫ್ರೇಮಿನ ನಂಬರು: ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುವುದು. ಈ ಪ್ರಕರಣದಲ್ಲಿ ಬಿಲ್ಲಿಗೆ ಹೋದದ್ದು ಮೊದಲನೆಯದು. ಅಂಗಡಿಯವರ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ. ಅವರು ಮಾರಿದ ಸರಕು ಯಾವುದು ಎಂದು ಅದು ಸರಿಯಾಗಿಯೇ ಹೇಳುತ್ತದೆ. ಯಾವ ಸೈಕಲ್ಲು ಎಂದು ಹೇಳುವುದಿಲ್ಲ, ಅಷ್ಟೇ.

ಫ್ರೇಮ್ ನಂಬರ್ ಎಂದು ಜನ ತಪ್ಪಾಗಿ ಬರೆದುಕೊಳ್ಳುವ ಬೇರೆ ಸಂಖ್ಯೆಗಳೂ ಇವೆ. ಫ್ರೇಮಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಐಎಸ್‌ಒ 4210 ಎಂದು ಕಾಣಬಹುದು. ಅದು ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕದ ಹೆಸರು, ಲಕ್ಷಾಂತರ ಸೈಕಲ್ಲುಗಳ ಮೇಲೆ ಇರುವಂಥದ್ದು. ತಮಾಷೆಯೆಂದರೆ, ಪ್ರತಿ ಫ್ರೇಮಿಗೂ ಅಳಿಸದಂಥ ಕ್ರಮಸಂಖ್ಯೆಯನ್ನು ಕಣ್ಣಿಗೆ ಬೀಳುವ ಕಡೆ ಹಾಕಬೇಕು ಎಂದು ಹೇಳುವುದೂ ಅದೇ ಮಾನಕ. ಮುಂಚಕ್ರ ಹಿಡಿಯುವ ಸಸ್ಪೆನ್ಷನ್ ಫೋರ್ಕಿಗೆ, ಚಕ್ರದ ನಡುವಿನ ಹಬ್ಬಿಗೆ, ಪೆಡಲ್ ಕೂರುವ ತೋಳಾದ ಕ್ರ್ಯಾಂಕಿಗೆ ತಮ್ಮದೇ ನಂಬರುಗಳಿರುತ್ತವೆ. ಕ್ರ್ಯಾಂಕಿನ ಹಿಂಬದಿಯಲ್ಲಿ ಕೆತ್ತಿದ 170 ಅಥವಾ 175 ಅದರ ಉದ್ದ, ಮಿಲಿಮೀಟರಿನಲ್ಲಿ. ಬೀಗದ ಕೀಲಿಯ ಮೇಲಿನ ಸಂಖ್ಯೆಯನ್ನೇ ಸೈಕಲ್ಲಿನ ನಂಬರೆಂದು ಕೊಡುವವರೂ ಇದ್ದಾರೆ.

ಫ್ರೇಮಿನ ನಂಬರು ಬಹುಪಾಲು ಸೈಕಲ್ಲುಗಳಲ್ಲಿ ಬಾಟಮ್ ಬ್ರಾಕೆಟಿನ ಅಡಿಯಲ್ಲಿ ಇರುತ್ತದೆ. ಎರಡು ಪೆಡಲ್ಲುಗಳ ನಡುವೆ, ಕ್ರ್ಯಾಂಕಿನ ಅಚ್ಚು ಹಾದುಹೋಗುವ ದಪ್ಪ ಕೊಳವೆಯ ತಳದಲ್ಲಿ. ಅಲ್ಲಿಲ್ಲದಿದ್ದರೆ ಹ್ಯಾಂಡಲ್ಲಿನ ಕೆಳಗಿನ ಹೆಡ್ ಟ್ಯೂಬ್, ಸೀಟಿನ ಕೊಳವೆ, ಹಿಂಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್ ನೋಡಬೇಕು. ಉಕ್ಕು ಮತ್ತು ಅಲ್ಯೂಮಿನಿಯಂ ಫ್ರೇಮಿನಲ್ಲಿ ಅದನ್ನು ಲೋಹಕ್ಕೇ ಗುದ್ದಿರುತ್ತಾರೆ. ಕಾರ್ಬನ್ ಫ್ರೇಮಿಗೆ ಗುದ್ದುವಂತಿಲ್ಲ. ಅಲ್ಲಿ ಅದು ವಾರ್ನಿಷಿನ ಕೆಳಗಿನ ಚೀಟಿಯಾಗಿಯೋ ಅಂಟಿಸಿದ ತಗಡಾಗಿಯೋ ಇರುತ್ತದೆ, ಕೀಳಲು ಬರುತ್ತದೆ. ಹಾಗಾಗಿ ಕಾರ್ಬನ್ ಸೈಕಲ್ಲಿಗೆ ಫ್ರೇಮ್ ನಂಬರ್ ಒಂದನ್ನೇ ನೆಚ್ಚಿ ಕೂರುವುದು ಬೇಡ.

ಏನೇನು ಪ್ರಯತ್ನಿಸಿದರು

ಸೈಕಲ್ ಕೈಯಲ್ಲಿಲ್ಲ, ಅದರ ತಳದ ನಂಬರು ಬೇಕು. ಭಾನುವಾರದಿಂದ ಬುಧವಾರದವರೆಗೆ ನಾಲ್ಕು ಕಡೆ ಹುಡುಕಾಟ ನಡೆಯಿತು.

ವಾರಂಟಿ ಕಾರ್ಡಿನಲ್ಲಿ ನಂಬರಿನ ಜಾಗ ಖಾಲಿ. ಅಂಗಡಿಯಲ್ಲಿ ಪೆಟ್ಟಿಗೆ ಎಂದೋ ರದ್ದಿಗೆ ಹೋಗಿತ್ತು. ಆದರೆ ಅಂಗಡಿಯವರು ಒಂದು ಉಪಯುಕ್ತ ಮಾತು ಹೇಳಿದರು: ತಯಾರಕರು ಅಂಗಡಿಗೆ ಸರಕು ಕಳಿಸುವಾಗ ಪ್ರತಿ ಪೆಟ್ಟಿಗೆಯ ಫ್ರೇಮ್ ನಂಬರಿನ ಪಟ್ಟಿ ಇಟ್ಟುಕೊಂಡಿರುತ್ತಾರೆ, ಕೇಳಿ ನೋಡುತ್ತೇವೆ, ಸಮಯ ಹಿಡಿಯುತ್ತದೆ ಎಂದು.

ಮೂರನೆಯದು ಸರ್ವಿಸ್ ಮಾಡಿಸುತ್ತಿದ್ದ ಮೆಕ್ಯಾನಿಕ್. ಹಿಂದಿನ ವರ್ಷ ಬಾಟಮ್ ಬ್ರಾಕೆಟ್ ಬದಲಿಸಿದಾಗ ಜಾಬ್ ಕಾರ್ಡಿನಲ್ಲಿ ಫ್ರೇಮ್ ನಂಬರಿನ ಕೊನೆಯ ಆರು ಅಂಕಿ ಬರೆದಿಟ್ಟಿದ್ದರು. ಪೂರ್ತಿ ಬರೆಯುವುದು ಅವರ ರೂಢಿಯಲ್ಲ. ತಮ್ಮ ಗ್ಯಾರೇಜಿನಲ್ಲಿ ಎರಡು ಸೈಕಲ್ ಅದಲುಬದಲಾಗದಿರಲು ಆರು ಸಾಕು.

ನಾಲ್ಕನೆಯದು ಫೋನಿನ ಫೋಟೊಗಳು. ಪಂಕ್ಚರ್ ಹಾಕುವಾಗ ಸೈಕಲ್ಲನ್ನು ಸೀಟು–ಹ್ಯಾಂಡಲ್ ಮೇಲೆ ಮಗುಚಿ ನಿಲ್ಲಿಸುತ್ತಾರಲ್ಲ, ಆಗ ಬಾಟಮ್ ಬ್ರಾಕೆಟಿನ ತಳ ಆಕಾಶ ನೋಡುತ್ತಿರುತ್ತದೆ. ಎಂಟು ತಿಂಗಳ ಹಿಂದೆ ಹಾಗೆ ಮಗುಚಿದ್ದಾಗ ಮಾಲೀಕರು ಒಂದು ಚಿತ್ರ ತೆಗೆದು ಗೆಳೆಯರಿಗೆ ಕಳಿಸಿದ್ದರು. ಮೆಸೇಜಿನಲ್ಲಿ ಉಳಿದಿದ್ದ ಪ್ರತಿಯನ್ನು ಹಿಗ್ಗಿಸಿದರೆ ಬರೀ ಮಸುಕು, ಏಕೆಂದರೆ ಮೆಸೇಜ್ ಆ್ಯಪ್‌ಗಳು ಕಳಿಸುವಾಗ ಚಿತ್ರವನ್ನು ಕುಗ್ಗಿಸುತ್ತವೆ. ಫೋನಿನ ಬ್ಯಾಕಪ್‌ನಲ್ಲಿದ್ದ ಮೂಲ ಚಿತ್ರದಲ್ಲಿ ನಂಬರು ಕಂಡಿತು. ಒಟ್ಟು 11 ಅಕ್ಷರ–ಅಂಕಿಗಳು. ಒಂಬತ್ತು ಸ್ಪಷ್ಟ. ಎಂಟನೆಯದರ ಮೇಲೆ ಗ್ರೀಸು ಮತ್ತು ಮಣ್ಣು. ಮೂರನೆಯದು ಇಂಗ್ಲಿಷಿನ ‘ಬಿ’ಯೋ 8ಓ ಹೇಳಲಾಗದು, ಪೌಡರ್ ಕೋಟಿಂಗ್ ಬಣ್ಣ ಅಕ್ಷರದ ತಗ್ಗಿನೊಳಗೆ ತುಂಬಿಕೊಂಡು ಎಡಗಡೆಯ ಮೂಲೆ ದುಂಡಗಾಗಿತ್ತು.

ಜಾಬ್ ಕಾರ್ಡಿನ ಆರು ಅಂಕಿ ಎಂಟನೆಯ ಸ್ಥಾನವನ್ನು ಬಿಡಿಸಿತು. ಮೂರನೆಯದು ಬಗೆಹರಿಯಲಿಲ್ಲ.

ಇಲ್ಲಿ ಒಂದು ನಿರ್ಧಾರ ಬೇಕಿತ್ತು. ತಯಾರಕರ ಪಟ್ಟಿ ಬರುವವರೆಗೆ ಕಾಯುವುದೋ, ಅರೆಬರೆ ಗೊತ್ತಿದ್ದದ್ದನ್ನು ಈಗಲೇ ದಾಖಲಿಸುವುದೋ? ಮಾಲೀಕರು ಕಾಯಲಿಲ್ಲ. ಐದನೇ ದಿನ, ಬುಧವಾರ, ನೋಂದಣಿಯನ್ನು ತಿದ್ದಿ ಮುಖ್ಯ ಖಾನೆಯಲ್ಲಿ 8 ಇರುವ ರೂಪವನ್ನೂ, ಇತರ ಗುರುತುಗಳ ಖಾನೆಯಲ್ಲಿ ‘ಬಿ’ ಇರುವ ರೂಪವನ್ನೂ ಹಾಕಿದರು. ಹಳೆಯ 13 ಅಂಕಿಯನ್ನು ಅಳಿಸದೆ ‘ಬಿಲ್ಲಿನಲ್ಲಿರುವ ಸರಕಿನ ಸಂಕೇತ’ ಎಂದು ವಿವರಣೆಯಲ್ಲಿ ಉಳಿಸಿದರು. ಅದೇ ದಿನ ಠಾಣೆಗೆ ಹೋಗಿ, ಹಿಂದಿನ ದೂರಿಗೆ ಪೂರಕವಾಗಿ ಒಂದು ಬರಹದ ಹೇಳಿಕೆ ಕೊಟ್ಟರು: ಮೊದಲು ಕೊಟ್ಟ ಸಂಖ್ಯೆ ಯಾವುದು, ಅದು ಯಾಕೆ ತಪ್ಪು, ಸರಿಯಾದ ನಂಬರು ಯಾವ ಎರಡು ರೂಪಗಳಲ್ಲಿ ಒಂದು, ಆಧಾರವೇನು. ಫೋಟೊದ ಮುದ್ರಿತ ಪ್ರತಿ, ಜಾಬ್ ಕಾರ್ಡಿನ ನಕಲು ಲಗತ್ತಿಸಿ, ಸ್ವೀಕೃತಿಯ ಮೇಲೆ ತಾರೀಖು ಹಾಕಿಸಿಕೊಂಡರು.

ಆಗ ಅದು ಬರೀ ಕಾಗದದ ಕೆಲಸವೆನಿಸಿತ್ತು.

ಏನಾಯಿತು

19ನೇ ದಿನ ನೋಂದಣಿ ತಾಣದ ಮೂಲಕ ಒಂದು ಸಂದೇಶ ಬಂತು. ಹಳೆಯ ಸೈಕಲ್ ಕೊಳ್ಳಲು ಹೊರಟ ಒಬ್ಬರು ಜಾಹೀರಾತು ನೋಡಿ ಮಾರುವವರನ್ನು ಸಂಪರ್ಕಿಸಿದ್ದರು. ಚಿತ್ರಗಳೆಲ್ಲ ಎಡಗಡೆಯಿಂದ, ಅಂದರೆ ಚೈನು ಇಲ್ಲದ ಬದಿಯಿಂದ ತೆಗೆದವು; ಗೇರಿನ ಭಾಗಗಳು ಕಾಣುತ್ತಿರಲಿಲ್ಲ. ಕೊಳ್ಳುವವರು ತಳದ ನಂಬರಿನ ಫೋಟೊ ಕೇಳಿದರು, ಮಾರುವವರು ಹಿಂದೆಮುಂದೆ ನೋಡದೆ ಕಳಿಸಿದರು. ಅದನ್ನು ತಾಣದ ಹುಡುಕು ಪೆಟ್ಟಿಗೆಯಲ್ಲಿ ‘ಬಿ’ ಎಂದೇ ಓದಿ ಟೈಪಿಸಿದರು. ಎರಡನೆಯ ರೂಪಕ್ಕೆ ತಾಳೆಯಾಯಿತು.

ಕೆಲವು ನೋಂದಣಿ ತಾಣಗಳು ನೋಡಲು ಒಂದೇ ತೆರನಾದ ಅಕ್ಷರ–ಅಂಕಿಗಳನ್ನು (‘ಓ’ ಮತ್ತು 0, ‘ಐ’ ಮತ್ತು 1, ‘ಎಸ್’ ಮತ್ತು 5, ‘ಜಡ್’ ಮತ್ತು 2, ‘ಬಿ’ ಮತ್ತು 8) ಹುಡುಕುವಾಗ ಒಂದೇ ಎಂದು ಎಣಿಸುತ್ತವೆ. ಈ ತಾಣಕ್ಕೆ ಆ ಜಾಣತನ ಇರಲಿಲ್ಲ. 8ರ ರೂಪವೊಂದನ್ನೇ ಹಾಕಿದ್ದರೆ ಫಲಿತಾಂಶ ‘ಯಾವ ದಾಖಲೆಯೂ ಇಲ್ಲ’ ಎಂದು ಬರುತ್ತಿತ್ತು. ಕೊಳ್ಳುವವರು ನೆಮ್ಮದಿಯಿಂದ ಕೊಂಡು ಹೋಗುತ್ತಿದ್ದರು.

ಮಾಲೀಕರ ಮೊದಲ ಯೋಚನೆ, ತಾವೇ ಗಿರಾಕಿಯ ಸೋಗಿನಲ್ಲಿ ಹೋಗಿ ಸೈಕಲ್ ಹಿಡಿದುಕೊಂಡು ಬರುವುದು. ಹಾಗೆ ಮಾಡಲಿಲ್ಲ. ಎದುರಿಗೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಗೊತ್ತಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಮಾರುವವರೂ ಯಾರಿಂದಲೋ ಕೊಂಡು ಮೋಸ ಹೋದವರಿರಬಹುದು. ಆಗ ಬಲವಂತವಾಗಿ ಎಳೆದುಕೊಂಡು ಬಂದವರ ಮೇಲೇ ದೂರು ಬೀಳುತ್ತದೆ. ಜಾಹೀರಾತಿನ ಪುಟದ ಸ್ಕ್ರೀನ್‌ಶಾಟ್, ತಳದ ನಂಬರಿನ ಫೋಟೊ, ಸಂಭಾಷಣೆಯ ಪ್ರತಿ ಇಷ್ಟನ್ನೂ ಸೇರಿಸಿ ಠಾಣೆಗೆ ಕೊಟ್ಟರು. ಜಾಹೀರಾತು ಯಾವಾಗ ಬೇಕಾದರೂ ಮಾಯವಾಗಬಹುದು, ಹಾಗಾಗಿ ಕೊಂಡಿಯೊಂದನ್ನೇ ಕೊಟ್ಟರೆ ಸಾಲದು.

ಮಾರುವವರನ್ನು ಠಾಣೆಗೆ ಕರೆಸಿದರು, ಸೈಕಲ್ ಬಂತು. ಸೀಟು ಬೇರೆ, ಪೆಡಲ್ಲು ಬೇರೆ, ಮುಂಚಕ್ರ ಬೇರೆ, ಫ್ರೇಮಿನ ಹೆಸರಿನ ಸ್ಟಿಕರುಗಳನ್ನು ಕಿತ್ತಿದ್ದರು. ಸಂತೆಯಲ್ಲಿ ಕೊಂಡೆ, ಬಿಲ್ ಇಲ್ಲ ಎಂದು ಮಾರುವವರು ಹೇಳಿದರು. ಅದು ನಿಜವೋ ಸುಳ್ಳೋ ಈ ಬರಹದ ವಿಷಯವಲ್ಲ. ವಿಷಯ ಇದು: ಸೈಕಲ್ ತಮ್ಮದೆಂದು ಮಾಲೀಕರು ತೋರಿಸುವುದು ಹೇಗೆ?

ಬಿಲ್ಲಿನಿಂದ ಸಾಧ್ಯವಿರಲಿಲ್ಲ. ಆ 13 ಅಂಕಿ ಆ ಮಾದರಿಯ ಯಾವ ಸೈಕಲ್ಲಿಗಾದರೂ ಹೊಂದುತ್ತದೆ. ನೋಂದಣಿಯ ಪುಟಕ್ಕೂ ಪ್ರಶ್ನೆ ಬಂತು, ಎರಡು ವರ್ಷ ಹಿಂದಿನ ನೋಂದಣಿಯಾದರೂ ನಂಬರನ್ನು ಇತ್ತೀಚೆಗೆ ಬದಲಿಸಿದ್ದೀರಲ್ಲ ಎಂದು. ಇಲ್ಲಿ ನೆರವಿಗೆ ಬಂದದ್ದು ಐದನೇ ದಿನದ ಆ ಹೇಳಿಕೆ. ಸೈಕಲ್ ಕಣ್ಣಿಗೆ ಬೀಳುವ 14 ದಿನ ಮೊದಲೇ ಎರಡು ರೂಪಗಳಲ್ಲಿ ಒಂದು ಇದೇ ಎಂದು ತಾರೀಖಿನ ಸಮೇತ ಬರೆದುಕೊಟ್ಟಿದ್ದರು. ಸೈಕಲ್ ಸಿಕ್ಕ ಮೇಲೆ ತಿದ್ದಿದ ನಂಬರಿಗೆ ಈ ತೂಕ ಬರುವುದಿಲ್ಲ. ಎದುರಿಗಿರುವ ಸೈಕಲ್ಲನ್ನು ನೋಡಿಯೇ ಬರೆದಿರಿ ಎಂದು ಯಾರಾದರೂ ಹೇಳಬಹುದು. ಪಂಕ್ಚರ್ ಚಿತ್ರದ ಮೂಲ ಕಡತದಲ್ಲಿ ತೆಗೆದ ದಿನಾಂಕವೂ ಉಳಿದಿತ್ತು, ಮೆಸೇಜಿನ ಪ್ರತಿಯಲ್ಲಿ ಅದು ಅಳಿಸಿಹೋಗಿತ್ತು.

ಫೋಟೊಗಳಿಂದ ಇನ್ನೆರಡು ಗುರುತು ಸಿಕ್ಕವು. ನೀರಿನ ಬಾಟಲಿಯ ಹಿಡಿಕೆಯ ಎರಡು ಬೋಲ್ಟುಗಳಲ್ಲಿ ಕೆಳಗಿನದು ಕಪ್ಪು, ಮೇಲಿನದು ಬೆಳ್ಳಿಬಣ್ಣ. ಒಂದು ಕಳೆದುಹೋಗಿ ಬೇರೆ ಹಾಕಿದ್ದು. ಸ್ಟ್ಯಾಂಡಿನ ಕ್ಲ್ಯಾಂಪ್ ತಿಕ್ಕಿ ಹಿಂದಿನ ಎಡ ಕೊಳವೆಯಲ್ಲಿ ಬಣ್ಣ ಹೋದ ಅರ್ಧಚಂದ್ರಾಕಾರದ ಗೀರು. ಕಳ್ಳರು ಬದಲಿಸುವುದು ಬೇಗ ಬಿಚ್ಚಲು ಬರುವ ಭಾಗಗಳನ್ನು, ದೂರದಿಂದ ಗುರುತು ಹತ್ತುವ ಭಾಗಗಳನ್ನು. ಇಂಥ ಚಿಲ್ಲರೆ ಗುರುತುಗಳ ಗೊಡವೆಗೆ ಹೋಗುವುದು ಕಡಿಮೆ.

23ನೇ ದಿನ ತಯಾರಕರ ಪಟ್ಟಿ ಅಂಗಡಿಯ ಪತ್ರದ ಜೊತೆ ಬಂತು. ಆ ಅಂಗಡಿಗೆ, ಆ ರವಾನೆಯಲ್ಲಿ ಹೋದ ಆ ಮಾದರಿಯ, ಆ ಅಳತೆಯ ಸೈಕಲ್ ಒಂದೇ. ನಂಬರಿನ ಮೂರನೆಯ ಸ್ಥಾನದಲ್ಲಿ ‘ಬಿ’. ಬಿಲ್ಲಿಗೂ ಫ್ರೇಮಿಗೂ ಇದ್ದ ಕಂದಕಕ್ಕೆ ಸೇತುವೆ ಸಿಕ್ಕಿದ್ದು ಆಗ. ಉಳಿದ ದಿನಗಳು ಕಾಗದಪತ್ರಗಳಿಗೆ ಹೋದವು. 41ನೇ ದಿನ ಸೈಕಲ್ ಕೈಗೆ ಬಂತು. ಮೂಲ ಮುಂಚಕ್ರ, ಸೀಟು, ಪೆಡಲ್ಲು, ದೀಪ ಬರಲಿಲ್ಲ. ಅವುಗಳ ನಂಬರಾಗಲಿ ಪ್ರತ್ಯೇಕ ಫೋಟೊವಾಗಲಿ ಯಾವ ದಾಖಲೆಯಲ್ಲೂ ಇರಲಿಲ್ಲ.

ಪ್ರಕರಣ ತೋರಿಸಿದ್ದು

ನೋಂದಣಿ ಬೀಗವಲ್ಲ. ಆ ಶುಕ್ರವಾರ ಕಟರ್ ಹಿಡಿದವರಿಗೆ ಆ ಸೈಕಲ್ ನೋಂದಣಿಯಾಗಿದೆ ಎಂಬುದೇ ಗೊತ್ತಿರಲಿಲ್ಲ, ಸ್ಟಿಕರ್ ಡ್ರಾಯರಿನಲ್ಲಿತ್ತು. ಅಂಟಿಸಿದ್ದರೆ ತಡೆಯುತ್ತಿತ್ತೇ? ಹೇಳಲಾಗದು. ಅಂಟಿಸದ ಸ್ಟಿಕರ್ ತಡೆಯಲಿಲ್ಲ ಎಂಬುದಂತೂ ಖಚಿತ.

ನೋಂದಣಿಯ ನಿಜವಾದ ಬಳಕೆದಾರರು ಮಾಲೀಕರಲ್ಲ. ಮುಂದೊಂದು ದಿನ ಆ ಸೈಕಲ್ಲನ್ನು ಮಗುಚಿ, ಟಾರ್ಚ್ ಹಿಡಿದು ನಂಬರು ಓದುವ ಅಪರಿಚಿತರು: ಪೊಲೀಸರು, ಮೆಕ್ಯಾನಿಕ್, ಹಳೆಯದು ಕೊಳ್ಳುವವರು. ಅವರ ಕಣ್ಣಿಗೆ ಕಾಣುವುದೂ ದಾಖಲೆಯಲ್ಲಿರುವುದೂ ಒಂದೇ ಆಗಿದ್ದರೆ ಮಾತ್ರ ತಾಳೆ. ಅದಕ್ಕೇ ನಂಬರನ್ನು ಯಾವ ಕಾಗದದಿಂದಲೂ ನಕಲು ಮಾಡಬಾರದು, ಲೋಹದಿಂದ ಓದಬೇಕು.

ಕೆಲವು ದೇಶಗಳು ಈ ಕೆಲಸವನ್ನು ಕೊಳ್ಳುವವರ ಹೆಗಲಿಗೆ ಬಿಟ್ಟಿಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ವ್ಯಾಪಾರಿಗಳು ಮಾರುವ ಹೊಸ ಸೈಕಲ್ಲುಗಳ ಮೇಲೆ ಗುರುತುಸಂಖ್ಯೆ ಹಾಕಿಯೇ ಕೊಡಬೇಕು, ಅದು ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಜಪಾನಿನಲ್ಲಿ ಕಳ್ಳತನ ತಡೆಯ ನೋಂದಣಿ ಕಾನೂನಿನಂತೆ ಕಡ್ಡಾಯ. ಸಾಮಾನ್ಯವಾಗಿ ಸೈಕಲ್ ಅಂಗಡಿಯಲ್ಲೇ ಮಾಡಿ ಸ್ಟಿಕರ್ ಅಂಟಿಸಿ ಕೊಡುತ್ತಾರೆ. ಅಂಥ ಕಡೆ ಮನೆಯಲ್ಲಿ ಬಿಲ್ ನೋಡಿ ಟೈಪಿಸುವ ತಪ್ಪಿಗೆ ಎಡೆ ಕಡಿಮೆ. ಸ್ವಯಂಪ್ರೇರಿತ ನೋಂದಣಿ ಇರುವ ಕಡೆ ಎಚ್ಚರ ಮಾಲೀಕರದ್ದೇ. ಒಂದು ತಾಣದಲ್ಲಿ ನೋಂದಾಯಿಸಿದ್ದು ಇನ್ನೊಂದರಲ್ಲಿ ಕಾಣುತ್ತದೆ ಎಂದೂ ಎಣಿಸುವಂತಿಲ್ಲ. ಊರಿನ ಪೊಲೀಸರು ಯಾವುದನ್ನು ನೋಡುತ್ತಾರೆ ಎಂದು ಮೊದಲು ಕೇಳಿಕೊಳ್ಳಬೇಕು.

ಸೈಕಲ್ ಮರಳಿದ ಮೇಲೆ ಮಾಲೀಕರು ಎರಡನೇ ಸಲ ನೋಂದಾಯಿಸಿದ ಕ್ರಮ ಹೀಗಿತ್ತು. ಸೈಕಲ್ ಮಗುಚಿ, ಸೋಪುನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಳ ತೊಳೆದರು. ಮರಳುಕಾಗದ, ತಂತಿಬ್ರಷ್ ಮುಟ್ಟಲಿಲ್ಲ: ಬಣ್ಣ ಹೋದರೆ ನಂಬರನ್ನು ಯಾರೋ ಉಜ್ಜಿ ತೆಗೆಯಲು ನೋಡಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ, ಉಕ್ಕಿನ ಫ್ರೇಮಾದರೆ ತುಕ್ಕೂ ಹಿಡಿಯುತ್ತದೆ. ಒಣಗಿದ ಮೇಲೆ ಬಿಳಿ ಸೀಮೆಸುಣ್ಣ ಅಡ್ಡಲಾಗಿ ತಿಕ್ಕಿ, ಮೇಲ್ಮೈಯನ್ನು ಬಟ್ಟೆಯಿಂದ ಹಗುರವಾಗಿ ಒರೆಸಿದರು. ಪುಡಿ ತಗ್ಗಿನಲ್ಲಿ ಉಳಿದು ಅಕ್ಷರಗಳು ಎದ್ದು ಕಂಡವು. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದಾಗ ನೆರಳು ಬಿದ್ದು ‘ಬಿ’ಯ ಚೂಪು ಮೂಲೆ ಸ್ಪಷ್ಟವಾಯಿತು. ಒಬ್ಬರು ಓದಿ ಬರೆದುಕೊಂಡರು, ಇನ್ನೊಬ್ಬರು ಆ ಬರಹ ನೋಡದೆ ಮತ್ತೆ ಓದಿದರು, ಎರಡನ್ನೂ ಹೋಲಿಸಿದರು.

ಫೋಟೊಗಳು ಒಂಬತ್ತು: ಎರಡೂ ಬದಿ, ನಂಬರು ಹತ್ತಿರದಿಂದ, ನಂಬರಿನ ಸುತ್ತಲ ಫ್ರೇಮೂ ಸೇರುವಂತೆ ಸ್ವಲ್ಪ ದೂರದಿಂದ (ಬರೀ ಹತ್ತಿರದ ಚಿತ್ರ ಯಾವ ಸೈಕಲ್ಲಿನದೆಂದು ತೋರಿಸುವುದಿಲ್ಲ), ಬೋಲ್ಟು–ಗೀರಿನ ಎರಡು ಗುರುತುಗಳು, ಎರಡು ಚಕ್ರದ ಹಬ್ಬುಗಳು, ಮಾಲೀಕರು ಸೈಕಲ್ ಜೊತೆ ನಿಂತದ್ದು. ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಟ್ ಪೋಸ್ಟ್ ಎಳೆದು ಅದರ ಕೊಳವೆಯೊಳಗೆ ತುರುಕಿದರು. ಎಳೆಯುವ ಮೊದಲೇ ಸೀಟಿನ ಎತ್ತರಕ್ಕೆ ಟೇಪಿನ ಗುರುತು ಹಾಕಿಕೊಂಡಿದ್ದರು. ಅಂಗಡಿಯ ಬಿಲ್ಲಿನ ಮೇಲೆ ಫ್ರೇಮ್ ನಂಬರ್ ಬರೆಸಿ ಮೊಹರು ಹಾಕಿಸಿದರು. ತಾಣದಲ್ಲಿ ಸ್ಥಿತಿಯನ್ನು ‘ಮಾಲೀಕರ ಬಳಿ ಇದೆ’ ಎಂದು ಬದಲಿಸಿದರು. ಇದನ್ನು ಮರೆತರೆ ಮುಂದೆ ತಮ್ಮದೇ ಸೈಕಲ್ ಓಡಿಸುತ್ತ ಸಿಕ್ಕಿಬೀಳುವವರು ಅವರೇ. ಹೊಸ ಬೀಗ ಯು-ಲಾಕ್, ಅಂದರೆ ಇಂಗ್ಲಿಷಿನ ‘ಯು’ ಆಕಾರದ ಗಟ್ಟಿ ಲೋಹದ ಬೀಗ. ಫ್ರೇಮು ಮತ್ತು ಹಿಂಚಕ್ರ ಎರಡನ್ನೂ ನೆಲಕ್ಕೆ ಹೂತ ಕಂಬಿಗೆ ಸೇರಿಸಿ ಹಾಕುತ್ತಾರೆ. ಸ್ಟಿಕರ್ ಈಗ ಸೀಟಿನ ಕೆಳಗಿನ ಕೊಳವೆಯ ಮೇಲಿದೆ.

ಇಷ್ಟಕ್ಕೆಲ್ಲ ಹಿಡಿದದ್ದು ಮುಕ್ಕಾಲು ಗಂಟೆ, ಅಂಗಡಿಗೆ ಹೋದದ್ದು ಬಿಟ್ಟು.

ಅದೇ 13 ಅಂಕಿಯಲ್ಲಿ ನೋಂದಾಯಿಸಿಕೊಂಡಿದ್ದ ಇನ್ನಿಬ್ಬರಿಗೂ ನೋಂದಣಿ ತಾಣದವರು ಇಮೇಲ್ ಕಳಿಸಿದರು. ಒಬ್ಬರು ಎರಡೇ ದಿನದಲ್ಲಿ ತಳದ ನಂಬರಿನ ಫೋಟೊ ಹಾಕಿ ತಿದ್ದಿಕೊಂಡರು. ಇನ್ನೊಬ್ಬರಿಗೆ ಕಳಿಸಿದ್ದು ತಲುಪದೆ ವಾಪಸ್ ಬಂತು. ಆ ಇಮೇಲ್ ವಿಳಾಸ ಈಗ ಬಳಕೆಯಲ್ಲಿಲ್ಲ, ಖಾತೆಯಲ್ಲಿ ಫೋನ್ ನಂಬರ್ ಕೊಟ್ಟಿಲ್ಲ.